ದುರ್ಗದಲ್ಲಿ ಒಂದು ಹಗಲು

ಪಶ್ಚಿಮ ಆಫ್ರಿಕದ ನೈಜೀರಿಯ ದೇಶದ ಉತ್ತರ ಭಾಗದಲ್ಲಿ ಕಾನೊ ಎಂಬುದೊಂದು ದೊಡ್ಡ ನಗರವುಂಟು. ಸಹಾರಾ ಮರಳುಗಾಡನ್ನು ದಾಟಿ ಬಂದ ಒಂಟೆಗಳ ಸಾಲು ಹೊರೆ ಇಳಿಸುತ್ತಿದ್ದ ಊರು ಅದು. ಇಂದಿಗೂ ಜನಸಂದಣಿಗೆ, ವ್ಯಾಪಾರದ ಗದ್ದಲಕ್ಕೆ ಹೆಸರಾಗಿದೆ. ಒಂದೆರಡು ದಿನದ ಬಿಡುವಿನಲ್ಲಿ ಅಲ್ಲಿಗೆ ಹೋದ ಅತಿಥಿಗೆ ಊರಿನವರು ತೋರಿಸುವ ವಸ್ತುಗಳು ಹೆಚ್ಚುಕಡಿಮೆ ಗೊತ್ತಾದವು. ಹಳೆಯ ಮಣ್ಣಿನ ಕೋಟೆಗೋಡೆಯ ಬಾಗಿಲುಗಳು, ಗೋಡೆಯೊಳಗೇ ಇರುವ ದಾಲಾ ಗುಡ್ಡ, ಹದಿನೈದನೆಯ ಶತಮಾನದಲ್ಲಿ ಮುಹಮ್ಮದ್ ರುಮ್ಫಾ ಎಂಬ ಅರಸ ಏರ್ಪಡಿಸಿದನೆನ್ನುವ ಕುರ್ಮಿ ಪೇಟೆ, ಮತ್ತು ಬಟ್ಟೆಗೆ ನೀಲಿ ಕಟ್ಟುವ ಕೊಫಾರ್ ಮಾತಾದ ಬಣ್ಣದ ಗುಂಡಿಗಳು. ಈ ಗುಂಡಿಗಳು 1498ರಿಂದ ನಡೆದುಬಂದವೆಂದು ಅಲ್ಲಿನವರ ಹೇಳಿಕೆ.

1851ರ ಫೆಬ್ರುವರಿಯಲ್ಲಿ ಹೈನ್‌ರಿಖ್ ಬಾರ್ತ್ ಎಂಬ ಜರ್ಮನ್ ವಿದ್ವಾಂಸ ಕಾನೊ ನಗರಕ್ಕೆ ಹೋಗಿ ಸುಮಾರು ಒಂದು ತಿಂಗಳು ತಂಗಿದ್ದ. ಗೋಡೆಯ ಎತ್ತರವನ್ನು ಮೆಚ್ಚಿ ಸುಮ್ಮನಾಗುವ ಜಾತಿಯವನಲ್ಲ ಅವನು. ಗೋಡೆಯೊಳಗೆ ಮನೆಗಳಿಗಿಂತ ಹೊಲಗಳೇ ಹೆಚ್ಚು ಜಾಗ ಹಿಡಿದಿದ್ದುದನ್ನು ಕಂಡ. ಮುತ್ತಿಗೆ ಬಿದ್ದಾಗ ಹೊಟ್ಟೆಗೆ ಬೇಕಲ್ಲ! ಊರಿನ ನಡುವೆ ಜಕಾರಾ ಎಂಬ ದೊಡ್ಡ ಕೊಳವಿದ್ದುದನ್ನೂ ಅದರ ಮಗ್ಗುಲಲ್ಲಿ ಪೇಟೆ ಬೆಳೆದುದನ್ನೂ ಬರೆದಿಟ್ಟ. ಯಾವ ಬಟ್ಟೆ ಎಲ್ಲಿಗೆ ಹೋಗುತ್ತದೆ, ಏನು ಬೆಲೆ ಎಂಬುದನ್ನು ಕೇಳಿ ತಿಳಿದ. ಆದಕಾರಣವೇ ಕಾನೊವಿನ ಬಗ್ಗೆ ಇಂದಿಗೂ ಜನ ಅವನ ಪುಸ್ತಕವನ್ನು ತೆರೆಯುತ್ತಾರೆ.

ಇಷ್ಟು ದೂರದ ಊರಿನ ಮಾತು ಇಲ್ಲೇಕೆ ಎಂದು ವಾಚಕರು ಕೇಳಬಹುದು. ಗೋಡೆ, ಗೋಡೆಯೊಳಗೊಂದು ಬೆಟ್ಟ, ಬೆಟ್ಟದ ಬುಡದಲ್ಲಿ ಕೊಳ, ಕೊಳದ ಬಳಿ ಸಂತೆ: ಈ ನಾಲ್ಕೂ ಕೂಡಿದ ಊರು ನಮ್ಮಲ್ಲೇ ಇದೆ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಪುಣೆಯ ಹೆದ್ದಾರಿಯ ಮೇಲೆಯೇ ಅದು ಸಿಕ್ಕುತ್ತದೆ. ಚಿತ್ರದುರ್ಗವನ್ನು ನೋಡದ ಕನ್ನಡಿಗರು ಕಡಿಮೆ. ಆದರೆ ಕೋಟೆಯನ್ನು ನೋಡಿ ಊರನ್ನು ನೋಡದೆ ಬಂದವರ ಲೆಕ್ಕ ಹಿಡಿದರೆ ಆ ಸಂಖ್ಯೆ ಸಣ್ಣದಾಗಲಾರದು.

ದುರ್ಗಕ್ಕೆ ಹೋಗುವವರ ಒಂದು ಹಗಲು ಹೇಗೆ ಕಳೆಯುತ್ತದೆಂಬುದು ಎಲ್ಲರೂ ಬಲ್ಲ ವಿಷಯ. ಚಳಿಗಾಲ ಬಂತೆಂದರೆ ಶಾಲೆಯ ಮಕ್ಕಳನ್ನು ತುಂಬಿಕೊಂಡ ಬಸ್ಸುಗಳು ಕೋಟೆಯ ಬಾಗಿಲಲ್ಲಿ ಸಾಲುಗಟ್ಟುತ್ತವೆ. ಮೇಷ್ಟರು ಮುಂದೆ, ಮಕ್ಕಳು ಹಿಂದೆ. ಏಳು ಸುತ್ತಿನ ಕೋಟೆಯೆಂದು ಒಬ್ಬರು ಕೂಗಿ ಹೇಳುವುದು, ಉಳಿದವರು ಸುತ್ತುಗಳನ್ನು ಎಣಿಸಲು ಹೋಗಿ ಮೂರಕ್ಕೇ ಲೆಕ್ಕ ತಪ್ಪುವುದು. ಓಬವ್ವನ ಕಿಂಡಿಯ ಮುಂದೆ ನೂಕುನುಗ್ಗಲು, ಒಂದು ಭಾವಚಿತ್ರ, ಮತ್ತೆ ಇಳಿತ. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಬಸ್ಸು ಹಂಪಿಯ ದಾರಿಯನ್ನೋ ಜೋಗದ ದಾರಿಯನ್ನೋ ಹಿಡಿದಿರುತ್ತದೆ. ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಕತ್ತಿ, ಫಿರಂಗಿ, ಒನಕೆ. ಯುದ್ಧ ನಡೆಯದ ದಿನಗಳಲ್ಲಿ ಇಲ್ಲಿ ಏನು ನಡೆಯುತ್ತಿತ್ತು ಎಂಬ ಪ್ರಶ್ನೆ ಅವರಿಗೆ ಹೊಳೆಯುವಂತೆ ಯಾರೂ ಮಾಡುವುದಿಲ್ಲ. ಅಪರೂಪಕ್ಕೆ ಯಾವನಾದರೂ ಒಬ್ಬ ಹುಡುಗ, “ಸಾರ್, ಇಷ್ಟು ಜನ ಇಲ್ಲಿದ್ರಲ್ಲ, ಕುಡಿಯೋಕೆ ನೀರು ಎಲ್ಲಿತ್ತು ಸಾರ್?” ಎಂದು ಕೇಳುವುದುಂಟು. “ಸುಮ್ನೆ ನಡಿಯೋ, ಬಸ್ಸಿಗೆ ಹೊತ್ತಾಯ್ತು” ಎಂಬ ಉತ್ತರವೂ ಸಿದ್ಧವಾಗಿರುತ್ತದೆ.

ಆ ಹುಡುಗನ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೋದವನಿಗೆ ಮಾತ್ರ ದುರ್ಗ ಒಂದೇ ಹಗಲಿನಲ್ಲಿ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ.

ಕಾಮನಬಾಗಿಲ ಕಡೆಯಿಂದ ಹತ್ತತೊಡಗಿದರೆ ಮೊದಲು ಎದುರಾಗುವುದು ಕಲ್ಲಿನ ಕೆಲಸ. ಸುಣ್ಣ ಗಾರೆಗಳ ಹಂಗಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿದ ಗೋಡೆಗಳು ನೆಟ್ಟಗೆ ಹೋಗುವುದಿಲ್ಲ. ಬಂಡೆ ಬಂದಲ್ಲಿ ಬಂಡೆಯನ್ನೇ ಗೋಡೆ ಮಾಡಿಕೊಂಡು ಹಾವಿನಂತೆ ಹೊರಳಿ ಮುಂದುವರಿಯುತ್ತವೆ. ಬಾಗಿಲ ಮುಂದೆ ತಿರುವು, ತಿರುವಿನ ಆಚೆ ಮತ್ತೊಂದು ಬಾಗಿಲು. ಆನೆಯನ್ನು ಓಡಿಸಿಕೊಂಡು ಬಂದು ಕದಕ್ಕೆ ಡಿಕ್ಕಿ ಹೊಡೆಸಲು ಸ್ಥಳವೇ ಇಲ್ಲ. ಎಣ್ಣೆಕೊಳ, ಮದ್ದು ಬೀಸುವ ದೊಡ್ಡ ಕಲ್ಲುಗಳು, ಕಾವಲಿನ ಬತೇರಿಗಳು ಇವನ್ನೆಲ್ಲ ಮಾರ್ಗದರ್ಶಿಗಳು ಉತ್ಸಾಹದಿಂದ ತೋರಿಸುತ್ತಾರೆ. ಆ ವಿಷಯದಲ್ಲಿ ಅವರ ಕೆಲಸವನ್ನು ಕಸಿಯುವ ಅಗತ್ಯವಿಲ್ಲ.

ಮೇಲುದುರ್ಗಕ್ಕೆ ಬಂದಾಗ ಬಯಲು ಬಿಚ್ಚಿಕೊಳ್ಳುತ್ತದೆ. ಸಂಪಿಗೆ ಸಿದ್ಧೇಶ್ವರ, ಹಿಡಿಂಬೇಶ್ವರ, ಏಕನಾಥೇಶ್ವರಿ, ಗೋಪಾಲಕೃಷ್ಣ ಹೀಗೆ ಗುಡಿಗಳ ಮೇಲೆ ಗುಡಿ. ಹಿಡಿಂಬನ ಹಲ್ಲೆಂದು ತೋರಿಸುವ ವಸ್ತುವನ್ನು ಕಂಡು ನಕ್ಕವರೂ ಕೈಮುಗಿದವರೂ ಉಂಟು. ದೀಪದ ಕಂಬ, ಉಯ್ಯಾಲೆ ಕಂಬ ಆಕಾಶಕ್ಕೆ ನೆಟ್ಟು ನಿಂತಿವೆ. ಇವುಗಳ ನಡುವೆ ಮಣ್ಣಿನ ಗೋಡೆಗಳ ಕೆಲವು ಅವಶೇಷಗಳು ಕಾಣುತ್ತವೆ. ಟಂಕಸಾಲೆ, ಕಚೇರಿ, ಅರಮನೆ, ಕಣಜ ಎಂದು ಅವಕ್ಕೆ ಹೆಸರು. ಇಷ್ಟು ಕಲ್ಲನ್ನು ಕಡಿದು ಕೋಟೆ ಕಟ್ಟಿದವರು ತಾವು ವಾಸಿಸುವ ಮನೆಯನ್ನು ಮಣ್ಣಿನಿಂದ ಕಟ್ಟಿಕೊಂಡರು ಎಂಬುದು ಯೋಚಿಸತಕ್ಕ ಸಂಗತಿ. ಕಾನೊವಿನ ಅರಸರೂ ಮಣ್ಣಿನ ಅರಮನೆಯಲ್ಲೇ ಇದ್ದರು. ಬಿಸಿಲ ನಾಡಿನಲ್ಲಿ ಮಣ್ಣಿನ ದಪ್ಪ ಗೋಡೆ ಕೊಡುವ ತಂಪು ಕಲ್ಲಿನಿಂದ ಬಾರದು.

ವಿಜಯನಗರದ ಅರಸರಿಂದ ನಾಯಕತನ ಪಡೆದ ತಿಮ್ಮಣ್ಣನಾಯಕನ ಕಾಲವನ್ನು 1568ರಿಂದ ಲೆಕ್ಕ ಹಾಕುತ್ತಾರೆ. ಕೊನೆಯ ಮದಕರಿನಾಯಕ ಹೈದರಾಲಿಗೆ ಸೆರೆಯಾದದ್ದು 1779ರಲ್ಲಿ. ಈ 200 ವರ್ಷಗಳುದ್ದಕ್ಕೂ ಬೆಟ್ಟದ ಮೇಲೆ ಅರಮನೆಯ ಪರಿವಾರ, ಕಾವಲಿನ ಬೇಡರು, ಪೂಜಾರಿಗಳು, ಮಠದವರು, ಕುದುರೆ, ಆನೆ, ದನ ಎಲ್ಲಕ್ಕೂ ನೀರು ಬೇಕಾಗಿತ್ತು. ಇದು ಮಲೆನಾಡಲ್ಲ. ವರ್ಷವೆಲ್ಲ ಬಿದ್ದರೂ ಮಳೆ 600 ಮಿಲಿಮೀಟರಿನ ಆಸುಪಾಸು. ಅದರಲ್ಲೂ ಕೆಲವು ವರ್ಷ ಮೋಡ ಬಂದು ಮುಖ ತೋರಿಸಿ ಹೋಗುತ್ತದೆ, ಅಷ್ಟೆ. ಬೆಟ್ಟದ ಪಕ್ಕದಲ್ಲಿ ನದಿಯಿಲ್ಲ. ಬಂಡೆಯನ್ನು ಕೊರೆದು ಬಾವಿ ತೋಡುವುದೂ ಸುಲಭದ ಮಾತಲ್ಲ. ಆದರೆ ಬಂಡೆಗೆ ಒಂದು ಗುಣವಿದೆ. ಅದು ನೀರನ್ನು ಹೀರುವುದಿಲ್ಲ. ಬಿದ್ದದ್ದನ್ನು ಬಿದ್ದಂತೆಯೇ ಇಳಿಯಬಿಡುತ್ತದೆ. ದುರ್ಗದವರು ಹಿಡಿದದ್ದು ಈ ಗುಣವನ್ನೇ.

ಮೇಲುದುರ್ಗದಲ್ಲಿ ಗೋಪಾಲಸ್ವಾಮಿ ಹೊಂಡವೆಂಬುದೊಂದಿದೆ. ಸುತ್ತಣ ಬಂಡೆಗಳ ಇಳಿಜಾರಿನ ಮೇಲೆ ಬಿದ್ದ ಮಳೆ ಹರಿದು ಬಂದು ಅದರಲ್ಲಿ ನಿಲ್ಲುತ್ತದೆ. ಎರಡು ಬಂಡೆಗಳ ನಡುವಣ ಸಂದಿಗೆ ಅಡ್ಡವಾಗಿ ಒಂದು ಕಟ್ಟೆ, ಅಷ್ಟೇ ಮನುಷ್ಯನ ಕೆಲಸ. ಮಿಕ್ಕ ಮೂರು ಗೋಡೆಗಳನ್ನು ಪ್ರಕೃತಿಯೇ ಕಟ್ಟಿಕೊಟ್ಟಿದೆ. ಅದು ತುಂಬಿದ ಮೇಲೆ ಹೆಚ್ಚಾದ ನೀರು ವ್ಯರ್ಥವಾಗಿ ಹರಿದುಹೋಗುವುದಿಲ್ಲ. ಕೆಳಗಿರುವ ಅಕ್ಕ ತಂಗಿ ಹೊಂಡಕ್ಕೆ ಬಂದು ಸೇರುತ್ತದೆ. ಅದೂ ತುಂಬಿದರೆ ಬೆಟ್ಟದ ಕೊರಕಲುಗಳಲ್ಲಿ ಇಳಿದು ಊರೊಳಗಿನ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಸಂತೆ ಹೊಂಡಕ್ಕೆ. ಒಂದು ಹೊಂಡದ ಕೋಡಿ ಇನ್ನೊಂದು ಹೊಂಡದ ತಲೆಗಾಲುವೆ. ಮೇಲಿನವನು ಕುಡಿದು ಮಿಕ್ಕಿದ್ದು ಕೆಳಗಿನವನಿಗೆ ಎಂಬ ಏರ್ಪಾಡಿನಲ್ಲಿ ಅರಸುತನದ ಗತ್ತು ಇಲ್ಲದಿಲ್ಲ. ಆದರೆ ಮೇಲಿನವನು ತನ್ನ ಹೊಂಡವನ್ನು ಹೊಲಸು ಮಾಡಿಕೊಂಡರೆ ಕೆಳಗಿನ ಸಂತೆಯೇ ಕೆಡುತ್ತದೆಂಬ ಎಚ್ಚರವೂ ಅವರಿಗಿತ್ತೆಂದು ತೋರುತ್ತದೆ. ಕೊಳವೆಯಿಲ್ಲ, ಎಂಜಿನ್ ಇಲ್ಲ. ಇಳಿಜಾರು ಒಂದೇ ಯಂತ್ರ.

ಅಕ್ಕ ತಂಗಿ ಹೊಂಡದ ದಡದಲ್ಲಿ ಮಾರ್ಗದರ್ಶಿ ನಿಂತರೆ ಸಾಮಾನ್ಯವಾಗಿ ಹೇಳುವುದು ಬೇರೆಯ ಕಥೆ. ಕೋಟೆ ಶತ್ರುವಿನ ಕೈಸೇರಿದ ದಿನ ಅರಮನೆಯ ಹೆಣ್ಣುಮಕ್ಕಳು ಇದರಲ್ಲಿ ಬಿದ್ದು ಪ್ರಾಣಬಿಟ್ಟರೆಂದು ಊರಿನವರು ನಂಬಿದ್ದಾರೆ. ಕೇಳಿದವರ ಕಣ್ಣು ಹನಿಗೂಡುವುದು ಸಹಜ. ಆದರೂ ಆ ಒಂದು ದಿನಕ್ಕಾಗಿ ಉಳಿದ ದಿನಗಳನ್ನೆಲ್ಲ ಮರೆಯಬೇಕೆ? ಪ್ರತಿ ಮುಂಜಾನೆ ಕೊಡ ಹೊತ್ತು ಈ ಮೆಟ್ಟಿಲನ್ನು ಇಳಿದು ಹತ್ತಿದವರಿಗೆ ಕಥೆಯಿಲ್ಲ, ಹೆಸರೂ ಇಲ್ಲ. ಕೋಟೆ ಇಷ್ಟು ಕಾಲ ನಿಂತದ್ದು ಅವರು ಹೊತ್ತ ನೀರಿನಿಂದ.

ಹಾಗೆ ಹೊತ್ತವರಲ್ಲಿ ಒಬ್ಬಳ ಹೆಸರು ಮಾತ್ರ ಉಳಿದಿದೆ. ಅವಳು ಓಬವ್ವ.

ಒನಕೆಯ ಓಬವ್ವನ ಕಥೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಹೈದರಾಲಿಯ ದಂಡು ಮುತ್ತಿಗೆ ಹಾಕಿದ ಕಾಲ. ಕಹಳೆಯ ಮುದ್ದಹನುಮ ಕಾವಲಿನಿಂದ ಮನೆಗೆ ಬಂದು ಊಟಕ್ಕೆ ಕುಳಿತಿದ್ದ. ಮನೆಯಲ್ಲಿ ಕುಡಿಯಲು ನೀರಿರಲಿಲ್ಲ. ಹೆಂಡತಿ ಓಬವ್ವ ಕೊಡ ಹಿಡಿದು ಹತ್ತಿರದ ತಣ್ಣೀರು ದೋಣಿಗೆ ಹೋದಳು. ಅಲ್ಲಿ ಬಂಡೆಯ ಕಿಂಡಿಯಲ್ಲಿ ಪಿಸುಮಾತು ಕೇಳಿಸಿತು. ಮುಂದಿನದು ಒನಕೆಯ ಅಧ್ಯಾಯ. ಒಬ್ಬೊಬ್ಬನಾಗಿ ತಲೆ ತೂರಿಸಿ ಬಂದವರನ್ನು ಒಬ್ಬೊಬ್ಬನಾಗಿಯೇ ಅವಳು ಉರುಳಿಸಿದಳು. ಊಟ ಮುಗಿಸಿ ಬಂದ ಗಂಡ ಹೆಣಗಳ ರಾಶಿಯ ಮುಂದೆ ನಿಂತ ಹೆಂಡತಿಯನ್ನು ಕಂಡ. ಈ ಕಥೆಯನ್ನು ಮನೆಮನೆಗೂ ತಲುಪಿಸಿದ್ದು 1972ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’. ಓಬವ್ವನ ಪಾತ್ರದಲ್ಲಿ ಜಯಂತಿಯವರು ಕಾಣಿಸಿಕೊಂಡದ್ದು ಕೆಲವೇ ನಿಮಿಷ. ಆದರೆ ಒಂದು ಇಡೀ ತಲೆಮಾರಿಗೆ ಓಬವ್ವ ಎಂದರೆ ಆ ಮುಖವೇ.

ಆ ಚಿತ್ರಕ್ಕೆ ಆಧಾರ ತ.ರಾ.ಸುಬ್ಬರಾಯರ ಕಾದಂಬರಿಗಳು. ದುರ್ಗದ ಬಗ್ಗೆ ಬರೆಯುವ ಯಾರೂ ತ.ರಾ.ಸು. ಅವರ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಹಿಡಿದು ‘ದುರ್ಗಾಸ್ತಮಾನ’ದವರೆಗೆ ಅವರು ಈ ಬಂಡೆಗಳಿಗೆ ಮಾತು ಕೊಟ್ಟರು. 1984ರಲ್ಲಿ ಅವರು ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಮರುವರ್ಷ. ಅವರ ಕಾದಂಬರಿಗಳನ್ನು ಓದಿ ದುರ್ಗಕ್ಕೆ ಬಂದವನಿಗೆ ಪ್ರತಿ ಬಾಗಿಲಲ್ಲೂ ಒಂದು ಸಂಚು, ಪ್ರತಿ ಬತೇರಿಯಲ್ಲೂ ಒಂದು ಕಣ್ಣು ಕಾಣುತ್ತದೆ. ಇದು ಕಾದಂಬರಿಕಾರನ ಗೆಲುವು. ಆದರೆ ಓಬವ್ವನ ಕಥೆಯ ಒಂದು ಅಂಶ ಕೇಳುಗರ ಕಿವಿಯಿಂದ ಜಾರಿಹೋಗುತ್ತದೆ. ಅವಳು ಕಿಂಡಿಯ ಬಳಿಗೆ ಹೋದದ್ದು ಕಾವಲಿಗಲ್ಲ, ನೀರಿಗೆ. ತಣ್ಣೀರು ದೋಣಿ ಆ ಹೊತ್ತಿನಲ್ಲಿ ಬತ್ತಿದ್ದರೆ, ಅಥವಾ ಮುದ್ದಹನುಮನ ಮನೆಯ ಮುಂದೆಯೇ ಬಾವಿಯಿದ್ದಿದ್ದರೆ, ಕಥೆ ಬೇರೆಯಾಗುತ್ತಿತ್ತು. ಕಿಂಡಿಯನ್ನು ನೋಡಲು ನೂಕಾಡುವ ಜನ ಎರಡು ಹೆಜ್ಜೆ ಆಚೆಗಿನ ಆ ಸಣ್ಣ ನೀರಿನ ತಾಣವನ್ನೂ ಒಮ್ಮೆ ಬಗ್ಗಿ ನೋಡಬೇಕು.

ಮಧ್ಯಾಹ್ನಕ್ಕೆ ಬೆಟ್ಟ ಇಳಿಯುವುದು ಮೇಲು. ದುರ್ಗದ ಬಂಡೆ ಹನ್ನೊಂದು ಗಂಟೆಯ ಮೇಲೆ ಹಂಚಿನಂತೆ ಕಾಯುತ್ತದೆ. ಇಳಿದವರು ನೇರವಾಗಿ ವಾಹನ ಏರದೆ ದೊಡ್ಡಪೇಟೆ, ಚಿಕ್ಕಪೇಟೆ, ಸಂತೆಪೇಟೆಗಳ ಕಡೆ ಕಾಲು ಹಾಕಬೇಕು. ಕೋಟೆಯ ಕೊನೆಯ ಸುತ್ತು ನಿಂತಿರುವುದು ಬೆಟ್ಟದ ಮೇಲಲ್ಲ, ಈ ಪೇಟೆಗಳ ನಡುವೆ. ರಂಗಯ್ಯನ ಬಾಗಿಲು, ಸಿದ್ಧಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು ಎಂಬ ನಾಲ್ಕು ಹೆಬ್ಬಾಗಿಲುಗಳ ಹೆಸರು ಊರಿನವರ ಬಾಯಲ್ಲಿ ಇನ್ನೂ ಇದೆ. ಹೆಸರು ಉಳಿದಷ್ಟು ಗೋಡೆ ಉಳಿದಿಲ್ಲವೆಂಬುದು ಬೇರೆ ಮಾತು. ಗೋಡೆಯ ಕಲ್ಲು ಎಲ್ಲಿಗೆ ಹೋಯಿತೆಂದು ಕೇಳಿದರೆ ಹಳೆಯ ಊರುಗಳಲ್ಲೆಲ್ಲ ಜನ ನಗುತ್ತಾರೆ. ಕಾನೊವಿನಲ್ಲೂ ಹಳೆಯ ಗೋಡೆಯ ಮಣ್ಣನ್ನು ಜನ ತೋಡಿಕೊಂಡು ಹೋಗಿದ್ದಾರಂತೆ.

ಪೇಟೆಯ ಇಕ್ಕಟ್ಟಿನಲ್ಲಿ ಉಚ್ಚಂಗಿ ಯಲ್ಲಮ್ಮನ ಗುಡಿ. ನಾಯಕರ ಮನೆದೇವತೆಯೆಂದು ಅವಳಿಗೆ ಮನ್ನಣೆ. ಬೀದಿಯ ಇಕ್ಕೆಲದಲ್ಲೂ ಬಟ್ಟೆ, ಪಾತ್ರೆ, ಬೆಳ್ಳಿ ಬಂಗಾರ, ಕಿರಾಣಿ. ಮಂಡಕ್ಕಿ ಮೆಣಸಿನಕಾಯಿಯ ವಾಸನೆ ಹಸಿದವನನ್ನು ಕೈಹಿಡಿದು ನಿಲ್ಲಿಸುತ್ತದೆ. ಹಳ್ಳಿಗಳಿಂದ ಬಂದವರಲ್ಲಿ ಹೆಗಲ ಮೇಲೆ ಕಂಬಳಿ ಹಾಕಿದ ಹಿರಿಯರು ಈಗಲೂ ಕಣ್ಣಿಗೆ ಬೀಳುತ್ತಾರೆ. ಈ ಸೀಮೆ ಕುರಿ ಮತ್ತು ಕಂಬಳಿಗೆ ಹೆಸರಾದದ್ದು. ಚಳ್ಳಕೆರೆಯ ಕಂಬಳಿ ದೂರದೂರಕ್ಕೆ ಹೋಗುತ್ತದೆ. ಹುಲ್ಲು ಕಡಿಮೆ, ಬಿಸಿಲು ಹೆಚ್ಚು ಇರುವಲ್ಲಿ ದನಕ್ಕಿಂತ ಕುರಿ ಬಾಳುತ್ತದೆಂಬುದನ್ನು ಇಲ್ಲಿನ ಜನಕ್ಕೆ ಯಾರೂ ಪಾಠ ಹೇಳಿಕೊಡಬೇಕಾಗಿರಲಿಲ್ಲ.

ಸಂತೆ ಹೊಂಡವೂ ಸಿಹಿನೀರು ಹೊಂಡವೂ ಇರುವುದು ಈ ಊರೊಳಗೇ. ನಾಲ್ಕು ಕಡೆಯೂ ಮೆಟ್ಟಿಲು ಕಟ್ಟಿದ ಪುಷ್ಕರಣಿಗಳು. ಬೆಟ್ಟದ ತುದಿಯಲ್ಲಿ ಬೆಳಿಗ್ಗೆ ಕಂಡ ನೀರಿಗೂ ಇಲ್ಲಿನ ನೀರಿಗೂ ನಂಟು ಇದೆಯೆಂದು ತಿಳಿದು ನಿಂತವನಿಗೆ ಕೋಟೆ ಮತ್ತು ಪೇಟೆ ಬೇರೆಬೇರೆಯಾಗಿ ಕಾಣುವುದಿಲ್ಲ. ಒಂದು ಸಂತೆ ನೆರೆಯಬೇಕಾದರೆ ಮನುಷ್ಯರಿಗಿಂತ ಮೊದಲು ಎತ್ತುಗಳಿಗೆ ನೀರು ಬೇಕು. ಗಾಡಿ ಕಟ್ಟಿಕೊಂಡು ಬಂದ ರೈತ, ಹೇರು ಹೊರಿಸಿಕೊಂಡು ಬಂದ ವರ್ತಕ ಇಬ್ಬರೂ ಮೊದಲು ಕೇಳುತ್ತಿದ್ದುದು ಹೊಂಡದ ದಾರಿಯನ್ನೇ. ಸುಂಕದ ಹಣ ಸಂತೆಯಿಂದ, ಸಂತೆ ಹೊಂಡದಿಂದ, ಹೊಂಡ ಬೆಟ್ಟದಿಂದ. ನಾಯಕರ ಬೊಕ್ಕಸದ ಮೂಲವನ್ನು ಹುಡುಕುತ್ತ ಹೋದರೆ ಮೇಲುದುರ್ಗದ ಬಂಡೆಯ ಮೇಲೆ ಬಿದ್ದ ಮಳೆಹನಿ ಸಿಕ್ಕುತ್ತದೆ.

ಇಂದು ಊರಿಗೆ ಕುಡಿಯುವ ನೀರು ಬರುವುದು ದೂರದ ಶಾಂತಿಸಾಗರ, ವಾಣಿವಿಲಾಸ ಸಾಗರಗಳಿಂದ ಕೊಳವೆಯಲ್ಲಿ. ನಲ್ಲಿ ಬಂದ ಮೇಲೆ ಹೊಂಡದ ಕಡೆ ಮುಖ ತಿರುಗಿಸುವುದು ಎಲ್ಲ ಊರಿನ ಕಥೆ. ನೋಡುವವರಿಲ್ಲದ ನೀರಿನಲ್ಲಿ ಪಾಚಿ ಮೊದಲು ಬರುತ್ತದೆ, ಪ್ಲಾಸ್ಟಿಕ್ ಚೀಲ ಆಮೇಲೆ. ಮೇಲಿನ ಕೋಟೆಗೆ ಕೇಂದ್ರ ಪುರಾತತ್ತ್ವ ಇಲಾಖೆಯ ಕಾವಲಿದೆ, ಟಿಕೆಟ್ಟು ಉಂಟು, ಹುಲ್ಲುಹಾಸು ಉಂಟು. ಕೆಳಗಿನ ಹೊಂಡಕ್ಕೆ ಬೇಕಾದ ಕಾವಲು ಬೇರೆ ಬಗೆಯದು. ಅದರ ಪಕ್ಕದಲ್ಲಿ ಅಂಗಡಿ ಇಟ್ಟವರು, ಮನೆ ಮಾಡಿದವರು ಅದನ್ನು ತಮ್ಮದೆಂದುಕೊಳ್ಳಬೇಕು. ಪ್ರವಾಸಿ ಬಂದು ನಿಂತು ನೋಡಿ ಎರಡು ಮಾತು ಕೇಳಿದರೆ ಊರಿನವರಿಗೂ ತಮ್ಮಲ್ಲಿ ಇರುವುದು ಏನೆಂಬುದು ನೆನಪಾಗುತ್ತದೆ. ಈ ದೃಷ್ಟಿಯಿಂದ ಒಂದು ಹಗಲಿನ ಭೇಟಿ ವ್ಯರ್ಥವಲ್ಲ.

ಊಟವಾದ ಮೇಲೆ ಚಂದ್ರವಳ್ಳಿ. ಊರಿನಿಂದ ಬಹು ದೂರವೇನಲ್ಲ. ಬೆಟ್ಟಗಳ ಮಡಿಲಲ್ಲಿ ಒಂದು ಕೆರೆ, ದಡದಲ್ಲಿ ಭೈರವೇಶ್ವರನ ಗುಡಿ, ನೆಲದೊಳಗೆ ಇಳಿದುಹೋಗುವ ಅಂಕಲಿ ಮಠದ ಗವಿಗಳು. ಗವಿಯೊಳಗೆ ದೀಪವಿಲ್ಲದೆ ಹೋಗಕೂಡದು. ಕೋಣೆಯಿಂದ ಕೋಣೆಗೆ ಇಳಿಯುತ್ತ ಹೋದಂತೆ ಗಾಳಿ ತಂಪಾಗುತ್ತದೆ, ಮಾತು ತಾನಾಗಿಯೇ ಸಣ್ಣದಾಗುತ್ತದೆ. ಹುಡುಗರ ಕೇಕೆ ಅಲ್ಲಿ ಒಮ್ಮೆ ನಿಂತುಹೋಗುವುದನ್ನು ಕೇಳುವುದೇ ಒಂದು ಸುಖ.

ಆದರೆ ಚಂದ್ರವಳ್ಳಿಯ ನಿಜವಾದ ಐಶ್ವರ್ಯ ನೆಲದ ಮೇಲೆ ಕಾಣುವಂಥದಲ್ಲ. 1909ರಲ್ಲಿ ಆರ್. ನರಸಿಂಹಾಚಾರ್ಯರು ಇಲ್ಲಿ ಅಗೆಸಿದರು. ‘ಕರ್ನಾಟಕ ಕವಿಚರಿತೆ’ಯನ್ನು ಬರೆದವರೇ ಇವರು, ತಾಳೆಗರಿಯನ್ನು ಓದಿದ ಕಣ್ಣು ನೆಲವನ್ನೂ ಓದಬಲ್ಲುದೆಂಬುದಕ್ಕೆ ಒಳ್ಳೆಯ ನಿದರ್ಶನ. ಅವರ ತರುವಾಯ 1929ರ ಸುಮಾರಿಗೆ ಮೈಸೂರಿನ ಎಂ.ಎಚ್. ಕೃಷ್ಣರು, 1947ರಲ್ಲಿ ಮಾರ್ಟಿಮರ್ ವೀಲರ್ ಇದೇ ನೆಲವನ್ನು ಶೋಧಿಸಿದರು. ಸಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳು ಇಲ್ಲಿ ದೊರೆತವು. ನಾಯಕರಿಗಿಂತ ಹದಿನೈದು ಶತಮಾನ ಹಿಂದೆಯೇ ಈ ಬೆಟ್ಟದ ಬುಡದಲ್ಲಿ ಪೇಟೆಯಿತ್ತು, ಅದಕ್ಕೆ ಸಮುದ್ರದಾಚೆಯ ಹಣ ಬರುತ್ತಿತ್ತು. ಮರಳುಗಾಡಿನಾಚೆಯ ಸರಕು ಕಾನೊವಿಗೆ ಬಂದಂತೆ, ಕಡಲಾಚೆಯ ಬೆಳ್ಳಿ ದುರ್ಗದ ನೆಲಕ್ಕೆ ಬಂದಿತ್ತು. ಏನು ಕೊಟ್ಟು ಆ ಬೆಳ್ಳಿಯನ್ನು ಕೊಂಡರೋ ಆ ನೆಲಕ್ಕೇ ಗೊತ್ತು.

ಭೈರವೇಶ್ವರನ ಗುಡಿಯ ಬಳಿ ಬಂಡೆಯ ಮೇಲೆ ಒಂದು ಸಣ್ಣ ಶಾಸನವಿದೆ. ಅಕ್ಷರ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ನಾಲ್ಕನೆಯ ಶತಮಾನ. ಬರೆಸಿದವನು ಕದಂಬ ವಂಶದ ಮೂಲಪುರುಷ ಮಯೂರಶರ್ಮ. ಎಂ.ಎಚ್. ಕೃಷ್ಣರು ಅದನ್ನು ಓದಿ ಪ್ರಕಟಿಸಿದಾಗ ಚರಿತ್ರಕಾರರ ಗಮನ ಹೋದದ್ದು ಅದರಲ್ಲಿರುವ ರಾಜವಂಶಗಳ ಪಟ್ಟಿಗೆ. ತ್ರೈಕೂಟರು, ಆಭೀರರು, ಪಲ್ಲವರು ಮುಂತಾದವರನ್ನು ಅವನು ಗೆದ್ದದ್ದು ನಿಜವೇ ಎಂಬ ಚರ್ಚೆ ಬಹಳ ನಡೆದಿದೆ. ಅಷ್ಟು ವಂಶಗಳ ಹೆಸರು ಹೇಳಿದ ಮೇಲೆ ಆ ಶಾಸನ ಜಗತ್ತಿಗೆ ತಿಳಿಸುವ ಸುದ್ದಿಯಾದರೂ ಏನು? ಮಯೂರಶರ್ಮ ಇಲ್ಲೊಂದು ಕೆರೆಯನ್ನು ಕಟ್ಟಿಸಿದ ಎಂಬುದಷ್ಟೆ. ಗೆಲುವುಗಳೆಲ್ಲ ಬಿರುದಿನ ಸಾಲಿಗೆ, ಕೆಲಸವೆಂದು ಎಣಿಸಿದ್ದು ಕೆರೆ. ಹದಿನಾರು ಶತಮಾನಗಳ ಅನಂತರವೂ ಅದೇ ಕಣಿವೆಯಲ್ಲಿ ನೀರು ನಿಲ್ಲುತ್ತದೆ. ಗಣೇಶನ ಹಬ್ಬ ಕಳೆದ ಮೇಲೆ ಊರಿನ ದೊಡ್ಡ ಗಣಪತಿಯ ಮೆರವಣಿಗೆ ಕೊನೆಗೊಳ್ಳುವುದೂ ಚಂದ್ರವಳ್ಳಿಯಲ್ಲೇ.

ಹೈದರಾಲಿ ದುರ್ಗವನ್ನು ಹಿಡಿದ ಮೇಲೆ ಮದಕರಿನಾಯಕನನ್ನೂ ಸಾವಿರಾರು ಬೇಡರನ್ನೂ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಊರು ಬಡವಾಯಿತು. ಅದಾದ 22 ವರ್ಷಕ್ಕೆ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕುಂಪಣಿಯ ಅಪ್ಪಣೆಯಂತೆ ಬಿದನೂರಿನ ಕಡೆಯಿಂದ ದುರ್ಗದ ಸೀಮೆಯನ್ನು ಹಾದು ಹಿರಿಯೂರಿಗೆ ಹೋದ. ಬಾರ್ತ್ ಕಾನೊವನ್ನು ಕಾಣುವುದಕ್ಕೆ ಅರ್ಧ ಶತಮಾನ ಮೊದಲಿನ ಮಾತು ಇದು. ಹೋದ ಕಡೆಯೆಲ್ಲ ಬೆಳೆ ಯಾವುದು, ಕೆರೆ ಹೇಗಿದೆ, ನೇಯುವವರು ಯಾರು ಎಂದು ಕೇಳಿ ಬರೆಯುವುದು ಅವನ ಪದ್ಧತಿ. ಆಳುವವರ ಲಾಭಕ್ಕಾಗಿ ಬರೆದದ್ದು ಎಂಬುದನ್ನು ಮರೆಯದೆ ಓದಬೇಕು. ಆದರೆ ಓದಲೇಬೇಕು.

ಬಿಡುವು ಇನ್ನೊಂದು ದಿನ ಉಳ್ಳವರಿಗೆ ಸುತ್ತಣ ತಾಲ್ಲೂಕುಗಳು ಬಾಗಿಲು ತೆರೆದಿವೆ. ಹೊಳಲ್ಕೆರೆಗೆ ಹೋದರೆ ಸೂರಿಲ್ಲದೆ ಬಿಸಿಲು ಮಳೆಗೆ ಮೈಯೊಡ್ಡಿ ಕುಳಿತ ಬಯಲು ಗಣಪನ ದರ್ಶನ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ, ಗ್ರೀಕರ ರಂಗಭೂಮಿಯ ಮಾದರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಬಯಲು ರಂಗಮಂದಿರ. ಸಣ್ಣ ಹಳ್ಳಿಯೊಂದು ನಾಟಕದ ತವರಾದ ಕಥೆ ಬೇರೆ ಒಂದು ಲೇಖನಕ್ಕೆ ಸಾಲುವಷ್ಟಿದೆ. ಹಿರಿಯೂರಿನಲ್ಲಿ ವೇದಾವತಿಯ ದಡದ ತೇರುಮಲ್ಲೇಶ್ವರ. ಆದರೆ ನೀರಿನ ಜಾಡು ಹಿಡಿದು ಬಂದವರು ಹಿರಿಯೂರಿನಿಂದ ಹೊಸದುರ್ಗದ ದಾರಿಯಲ್ಲಿರುವ ಮಾರಿಕಣಿವೆಗೆ ಹೋಗದೆ ಹಿಂದಿರುಗುವಂತಿಲ್ಲ.

ಎರಡು ಗುಡ್ಡಗಳ ನಡುವೆ ವೇದಾವತಿ ನುಸುಳಿ ಹೋಗುವ ಇಕ್ಕಟ್ಟು. ಅದಕ್ಕೆ ಅಡ್ಡವಾಗಿ ಕಲ್ಲಿನ ಕಟ್ಟೆ. ಗೋಪಾಲಸ್ವಾಮಿ ಹೊಂಡದಲ್ಲಿ ಎರಡು ಬಂಡೆಗಳ ನಡುವೆ ನಾಯಕರು ಮಾಡಿದ ಕೆಲಸವನ್ನೇ ಇಲ್ಲಿ ಮೈಸೂರು ಸಂಸ್ಥಾನದವರು ಎರಡು ಗುಡ್ಡಗಳ ನಡುವೆ ಮಾಡಿದರು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ 1898ರಲ್ಲಿ ಆರಂಭ, 1907ರಲ್ಲಿ ಮುಕ್ತಾಯ. ಕನ್ನಂಬಾಡಿಯ ಕಟ್ಟೆಗೆ ಕೈಹಾಕುವ ಮೊದಲೇ ಇದು ಮುಗಿದಿತ್ತು. ರಾಜಪ್ರತಿನಿಧಿಯಾಗಿ ರಾಜ್ಯವಾಳಿದ ಮಹಾರಾಣಿಯವರ ಹೆಸರಿನಿಂದ ವಾಣಿವಿಲಾಸ ಸಾಗರವೆಂದು ಕರೆದರು. ಹಿಡಿಯುವ ನೀರು ಸುಮಾರು 30 ಟಿಎಂಸಿ, ತುಂಬಿದಾಗ ಆಳ 130 ಅಡಿ. ಕಣಿವೆ ಮಾರಮ್ಮನ ಗುಡಿ ಪಕ್ಕದಲ್ಲೇ ಇರುವುದರಿಂದ ಸುತ್ತಮುತ್ತಣ ಹಳ್ಳಿಯವರ ಬಾಯಲ್ಲಿ ಮಾತ್ರ ಅದು ಮಾರಿಕಣಿವೆಯೇ.

ಕಟ್ಟಿದವರ ಲೆಕ್ಕ ದೊಡ್ಡದು, ಮೋಡದ ಲೆಕ್ಕ ಸಣ್ಣದು. 1933ರಲ್ಲಿ ತುಂಬಿ ಕೋಡಿ ಹರಿದ ಜಲಾಶಯ ಮತ್ತೆ ಕೋಡಿ ಕಂಡದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಮೂರು ತಲೆಮಾರು ಬರೀ ಕಥೆ ಕೇಳಿತ್ತು. ಮೂರನೆಯ ಸಲ ತುಂಬಲು ಅಷ್ಟು ಕಾಯಬೇಕಾಗಲಿಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಮಳೆಯ ಜೊತೆಗೆ ಭದ್ರೆಯ ನೀರನ್ನೂ ಈ ಕಡೆಗೆ ತಿರುಗಿಸಿದ್ದು ಅದಕ್ಕೆ ಕಾರಣ. ಹೊಸದುರ್ಗ ತಾಲ್ಲೂಕಿನ ಕಡೆ ಹಿನ್ನೀರಿಗೆ ತೋಟ ಕೊಟ್ಟವರ ದುಃಖವೂ ಆ ಸಂತೋಷದ ಮಗ್ಗುಲಲ್ಲೇ ಇತ್ತು. ಅವರಿಗೆ ತುಂಬಿದ ಕೆರೆ ಬೇರೆಯಾಗಿಯೇ ಕಂಡಿತು. ಕೋಡಿ ಬಿದ್ದ ಸುದ್ದಿ ಹರಡಿದ್ದೇ ತಡ ಹಿರಿಯೂರು, ದುರ್ಗ, ಚಳ್ಳಕೆರೆಗಳಿಂದ ಬಸ್ಸು, ಟ್ರಾಕ್ಟರು, ಮೋಟಾರು ಸೈಕಲ್ಲುಗಳಲ್ಲಿ ಜನ ಹೊರಟರು. ಮಾರಮ್ಮನಿಗೆ ಕೈಮುಗಿದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಅಂಚಿನ ಮೇಲಿಂದ ಬಿಳಿ ಪರದೆಯಂತೆ ಇಳಿಯುತ್ತಿದ್ದ ನೀರನ್ನು ನೋಡುತ್ತ ನಿಂತರು. ಬಾಗಿನ ತಂದ ಹೆಣ್ಣುಮಕ್ಕಳು ಅರಿಸಿನ ಕುಂಕುಮ ಹಚ್ಚಿದ ಮೊರಗಳನ್ನು ತುಂಬಿದ ನೀರಿನ ಮೇಲೆ ತೇಲಿಬಿಟ್ಟರು.